ದುರ್ಗದಿಂದ ಕಂಪಾಲಾಗೋ ಕೇಪ್‌ಟೌನ್‌ಗೋ ಓದಲು ಹೋಗುವುದು ಹೇಗೆ?

ಫಾರಿನ್‌ನಲ್ಲಿ ಓದುತ್ತೇನೆ ಅಂದರೆ ಮನೆಯವರಿಗೆ ಖುಷಿ. ಆಫ್ರಿಕಾದಲ್ಲಿ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. ನಮ್ಮ ಚಿಕ್ಕಪ್ಪನ ಮಗಳು ಕೃಷಿ ಪದವಿ ಮುಗಿಸಿ ಈ ಮಾತು ಎತ್ತಿದಾಗಲೂ ಹಾಗೇ ಆಯಿತು. "ಅಲ್ಲಿಗ್ಯಾಕವ್ವ, ಬೆಂಗಳೂರಲ್ಲಿ ಸೀಟಿಲ್ವೇನು?" ಅಂತ ಅಜ್ಜಿ ಕೇಳಿದರು.

ಅಜ್ಜಿಯ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಮಾತ್ರ ಮುಂದುವರಿಯಿರಿ. ಇಲ್ಲೇ ಸಿಗುವ ಬಿಕಾಂಗೋ ಬಿಸಿಎಗೋ ಅಷ್ಟು ದೂರ ಹೋಗಬೇಡಿ. ಆ ನೆಲದಲ್ಲೇ ಚೆನ್ನಾಗಿ ಕಲಿಯಬಹುದಾದ ವಿಷಯ ಆರಿಸಿಕೊಳ್ಳಿ. ರಾಗಿಯ ತವರು ನಮ್ಮ ಹೊಸದುರ್ಗ ಅಲ್ಲ, ಇಥಿಯೋಪಿಯಾ ಮತ್ತು ಉಗಾಂಡದ ಎತ್ತರದ ನೆಲ. ಉಗಾಂಡದ ರಾಜಧಾನಿ ಕಂಪಾಲಾದಲ್ಲಿ 1922ರಲ್ಲಿ ಶುರುವಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ, ಘಾನಾ ವಿಶ್ವವಿದ್ಯಾಲಯದಲ್ಲಿ ಬೆಳೆ ತಳಿ ಅಭಿವೃದ್ಧಿಗೆಂದೇ ಕೇಂದ್ರಗಳಿವೆ. ಗಣಿ ಎಂಜಿನಿಯರಿಂಗ್ ಬೇಕೆನ್ನುವವರಿಗೆ ಜೊಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯ ಇದೆ, ಅದು ಹುಟ್ಟಿದ್ದೇ ಗಣಿ ಶಾಲೆಯಾಗಿ. ಖಗೋಳಶಾಸ್ತ್ರದ ಆಸೆ ಇದ್ದರೆ ದಕ್ಷಿಣ ಆಫ್ರಿಕಾದ ಕರೂ ಬಯಲಲ್ಲಿ 64 ಡಿಶ್‌ಗಳ ಮೀರ್‌ಕ್ಯಾಟ್ ರೇಡಿಯೋ ದೂರದರ್ಶಕ 2018ರಿಂದ ಕೆಲಸ ಮಾಡುತ್ತಿದೆ. ನಮ್ಮದೇ ಐಐಟಿ ಬೇಕಾ? ಐಐಟಿ ಮದ್ರಾಸ್ 2023ರಲ್ಲಿ ತಾಂಜಾನಿಯಾದ ಜಾಂಜಿಬಾರ್‌ನಲ್ಲಿ ಕ್ಯಾಂಪಸ್ ತೆರೆದಿದೆ.

ಆಫ್ರಿಕಾ ಅಂದರೆ ಒಂದು ದೇಶ ಅಲ್ಲ, 54 ದೇಶ. ಘಾನಾ, ಕೀನ್ಯಾ, ಉಗಾಂಡದಲ್ಲಿ ಪಾಠ ಇಂಗ್ಲಿಷ್‌ನಲ್ಲಿ. ಸೆನೆಗಲ್‌ನಲ್ಲಿ ಫ್ರೆಂಚ್, ಮೊಜಾಂಬಿಕ್‌ನಲ್ಲಿ ಪೋರ್ಚುಗೀಸ್. ಪರಿಸ್ಥಿತಿಯೂ ಒಂದೊಂದು ಕಡೆ ಒಂದೊಂದು ಥರ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ವ್ಯಾಪಾರಕ್ಕೆ ಹೋಗಿದ್ದ ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು, ಆಪರೇಷನ್ ಕಾವೇರಿ ಮಾಡಿ ವಾಪಸ್ ಕರೆತರಬೇಕಾಯಿತು, ನೆನಪಿದೆ ಅಲ್ವಾ? ಹಾಗಾಗಿ ಹೊರಡುವ ಮುಂಚೆ ವಿದೇಶಾಂಗ ಇಲಾಖೆ ಆ ದೇಶದ ಬಗ್ಗೆ ಕೊಟ್ಟಿರುವ ಸೂಚನೆ ಓದಿ, ಅಲ್ಲಿಗೆ ತಲುಪಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಈಗ ಮುಖ್ಯ ಕೆಲಸ. ಎಂಎಸ್ಸಿ, ಪಿಎಚ್‌ಡಿಗಾದರೆ ಏಜೆಂಟ್ ಹತ್ತಿರ ಹೋಗಬೇಡಿ. ನೇರವಾಗಿ ಪ್ರೊಫೆಸರ್‌ಗೆ ಮೇಲ್ ಮಾಡಿ. ನಮ್ಮ ಹುಡುಗಿ ಮೊದಲು ಹನ್ನೆರಡು ಜನಕ್ಕೆ ಒಂದೇ ಮೇಲ್ ಕಳಿಸಿದಳು. ನಿಮ್ಮ ಘನ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ ಅಂತ. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಒಂದು ದಿನ ಚಿಕ್ಕಪ್ಪನ ಹೊಲಕ್ಕೆ ಹೋಗಿ, ಬೆಂಕಿ ರೋಗ ಬಂದು ಕುತ್ತಿಗೆ ಕಪ್ಪಾಗಿ ಜೊಳ್ಳು ಬಿದ್ದಿದ್ದ ರಾಗಿ ತೆನೆಯನ್ನು ಅಂಗೈ ಮೇಲಿಟ್ಟು ಫೋಟೋ ತೆಗೆದಳು. ಅದೇ ರೋಗದ ಮೇಲೆ ಪ್ರಬಂಧ ಬರೆದಿದ್ದ ಒಬ್ಬ ಪ್ರೊಫೆಸರ್‌ಗೆ ಆ ಫೋಟೋ ಕಳಿಸಿ, ಪ್ರಬಂಧ ಓದುವಾಗ ತನಗೆ ಬಂದಿದ್ದ ಒಂದೇ ಒಂದು ಪ್ರಶ್ನೆ ಕೇಳಿದಳು. ನಾಲ್ಕನೇ ದಿನ ಉತ್ತರ ಬಂತು, ನಾಲ್ಕು ಪ್ರಶ್ನೆಗಳ ಜೊತೆ!

ಇನ್ನು ಕಾಗದಪತ್ರ. ನಮ್ಮ ಕಡೆಯವರಿಗೆ ಇಲ್ಲೇ ಜಾಸ್ತಿ ಪೆಟ್ಟು ಬೀಳುವುದು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಒಂದು ಅಕ್ಷರ ತಪ್ಪು. ಇದನ್ನೆಲ್ಲ ಸರಿ ಮಾಡಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮುಂಚೆಯೇ ಎಲ್ಲವನ್ನೂ ಒಂದು ಮೇಜಿನ ಮೇಲೆ ಹರಡಿಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ದಕ್ಷಿಣ ಆಫ್ರಿಕಾ, ಮಾರಿಷಸ್‌ಗೆ ಸರ್ಟಿಫಿಕೇಟ್‌ಗಳ ಮೇಲೆ ಅಪೊಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ನಮ್ಮ ವಿದೇಶಾಂಗ ಇಲಾಖೆ ಹಾಕುವ ಮುದ್ರೆ, ಸಾಕು. ಈಜಿಪ್ಟ್‌ಗೆ ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ದಕ್ಷಿಣ ಆಫ್ರಿಕಾದ ಸ್ಟಡಿ ವೀಸಾಗೆ ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ವರದಿ, ಅಲ್ಲಿಯದೇ ಆರೋಗ್ಯ ವಿಮೆ ಎಲ್ಲ ಕೇಳುತ್ತಾರೆ. ಅಲ್ಲಿ ಕ್ಲಾಸು ಶುರುವಾಗುವುದು ಫೆಬ್ರವರಿ ಹೊತ್ತಿಗೆ, ನಮ್ಮ ಹಾಗೆ ಜೂನ್ ಜುಲೈ ಅಲ್ಲ. ಅರ್ಜಿ ಹಿಂದಿನ ವರ್ಷವೇ ಹಾಕಬೇಕು, ಫೈನಲ್ ರಿಸಲ್ಟ್ ಬರಲಿ ಅಂತ ಕಾಯುತ್ತಾ ಕೂತರೆ ಒಂದು ವರ್ಷ ಹೋಗುತ್ತದೆ.

ದುಡ್ಡಿನ ವಿಷಯ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೂಲಿ ಕುಟುಂಬದ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಸ್ನಾತಕೋತ್ತರ, ಪಿಎಚ್‌ಡಿಗೆ ಮಾತ್ರ. ವಿಶ್ವವಿದ್ಯಾಲಯ ಕ್ಯೂಎಸ್ ಅನ್ನುವ ಜಾಗತಿಕ ರ್ಯಾಂಕಿಂಗ್ ಪಟ್ಟಿಯ ಮೊದಲ 500ರ ಒಳಗಿರಬೇಕು, ಕೇಪ್‌ಟೌನ್ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಇದು ಗೊತ್ತಿರುವವರೇ ಕಡಿಮೆ. ದಯವಿಟ್ಟು ಅರ್ಹರಿಗೆ ಹೇಳಿ.

ಎಂಬಿಬಿಎಸ್‌ಗೆ ಹೊರಟವರಿಗೆ ಬೇರೆಯೇ ಲೆಕ್ಕ. ನೀಟ್ ಪಾಸಾಗಿರಬೇಕು. ಕೋರ್ಸ್ ಕನಿಷ್ಠ 54 ತಿಂಗಳು, ಇಂಗ್ಲಿಷ್‌ನಲ್ಲೇ ಇರಬೇಕು, ಜೊತೆಗೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್. ಆ ಪದವಿಗೆ ಅಲ್ಲಿ ಪ್ರಾಕ್ಟೀಸ್ ಮಾಡುವ ಲೈಸೆನ್ಸ್ ಸಿಗುವಂತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ನೋಂದಣಿ ಆಗಲ್ಲ, ದಾವಣಗೆರೆಗೆ ವಾಪಸ್ ಬಂದು ಬೋರ್ಡ್ ಹಾಕಲು ಆಗುವುದಿಲ್ಲ. ಲಕ್ಷಗಟ್ಟಲೆ ಕಟ್ಟುವ ಮುಂಚೆ ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್ಎಂಸಿ) ನಿಯಮವನ್ನು ನೀವೇ ಕೂತು ಓದಿ.

ಕೊನೆಗೆ ಲಸಿಕೆ. ಉಗಾಂಡ, ಘಾನಾಗೆ ಯೆಲ್ಲೋ ಫೀವರ್ ಲಸಿಕೆ ಕಡ್ಡಾಯ. ಬೆಂಗಳೂರಿಗೆ ಹೋಗಿ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅವರು ಕೊಡುವ ಹಳದಿ ಕಾರ್ಡನ್ನು ಸೂಟ್‌ಕೇಸ್‌ಗೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ರಜೆಗೆ ಊರಿಗೆ ಬರುವಾಗ ಅದು ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು.