ಗಾಡಿ ಹೂತರೆ ಕೈಲಿ ಏನಿರಬೇಕು? ಮೊದಲ ರಿಕವರಿ ಕಿಟ್ ಜೋಡಿಸುವುದು ಹೀಗೆ

ಆಫ್-ರೋಡ್ ಹುಚ್ಚು ಹತ್ತಿದವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ಒಂದು ದಪ್ಪ ಹಗ್ಗ. ಆಮೇಲೆ ಎರಡು ಶ್ಯಾಕಲ್, ಅಂದರೆ ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಕೊಂಡಿ. ಕೈಯಲ್ಲಿ ಇನ್ನೂ ಕಾಸಿದ್ದರೆ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಗಾಡಿ ಹೂತಾಗ ಹಗ್ಗ ಹೊರಗೆ ಬರಬೇಕಾದದ್ದು ಕೊನೆಗೆ. ಅದಕ್ಕೂ ಮೊದಲು ಟೈರಿನ ಗಾಳಿ ಇಳಿಸಬೇಕು, ಮಣ್ಣು ತೋಡಬೇಕು, ಚಕ್ರದಡಿ ಹಿಡಿತ ಕೊಡಬೇಕು. ಎಷ್ಟೋ ಸಲ ಗಾಡಿ ಅಷ್ಟಕ್ಕೇ ಎದ್ದು ಬರುತ್ತದೆ.

ಹಗ್ಗ ಕಟ್ಟಿ ಎಳೆಯುವುದು ನೋಡಲು ಸುಲಭ. ಆದರೆ ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಅಲ್ಲೇ. ಹಾಗಾಗಿ ಕಿಟ್ ಕೊಳ್ಳುವ ಕ್ರಮವೂ ಬಳಸುವ ಕ್ರಮದ ಹಾಗೇ ಇರಲಿ. ಕಡಿಮೆ ಬಲದಲ್ಲಿ ಕೆಲಸ ಮಾಡುವ ಸಾಮಾನು ಮೊದಲು, ಜಾಸ್ತಿ ಬಲದ್ದು ಆಮೇಲೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ

ಇದಕ್ಕೆ ದುಡ್ಡು ಬೇಡ, ಒಂದು ಟಾರ್ಚ್ ಸಾಕು. ಗಾಡಿಯನ್ನು ಎಳೆಯಲು ಹಗ್ಗ ಎಲ್ಲಿಗೆ ಕಟ್ಟುತ್ತೀರಿ ಎಂದು ಮೊದಲೇ ಗೊತ್ತಿರಬೇಕು. ಮುಂದೆ ಒಂದು ಕಡೆ, ಹಿಂದೆ ಒಂದು ಕಡೆಯಾದರೂ ಷಾಸಿಗೆ ದಪ್ಪ ಬೋಲ್ಟ್‌ಗಳಿಂದ ಬಿಗಿದ, ಎಷ್ಟು ತೂಕ ತಡೆಯುತ್ತದೆ ಎಂದು ತಯಾರಕರು ಹೇಳಿರುವ ರಿಕವರಿ ಪಾಯಿಂಟ್ ಬೇಕು.

ಇಲ್ಲಿ ಮೋಸ ಹೋಗುವುದು ಸುಲಭ. ಎಷ್ಟೋ ಗಾಡಿಗಳ ಕೆಳಗೆ ತೆಳ್ಳಗಿನ ಕೊಕ್ಕೆ ಅಥವಾ ಬಳೆ ಇರುತ್ತದೆ. ಲಾರಿ, ಹಡಗಿನಲ್ಲಿ ಗಾಡಿ ಸಾಗಿಸುವಾಗ ಅಲುಗಾಡದಂತೆ ಬಿಗಿಯಲು ಇಟ್ಟದ್ದು ಅದು. ಹೂತ ಗಾಡಿಯನ್ನು ಜರ್ಕ್ ಕೊಟ್ಟು ಎಳೆದರೆ ಅದು ಬಾಗುತ್ತದೆ, ಇಲ್ಲವೇ ಕಿತ್ತು ಬರುತ್ತದೆ. ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಕೊಂಡಿಯೂ ಕೆಟ್ಟು ನಿಂತ ಗಾಡಿಯನ್ನು ರಸ್ತೆಯಲ್ಲಿ ನಿಧಾನವಾಗಿ ಎಳೆದೊಯ್ಯಲು ಮಾತ್ರ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಟ್ರೇಲರ್ ಸಿಕ್ಕಿಸುವ ಗುಂಡು, ಅಂದರೆ ಟೋ ಬಾಲ್, ಅದಕ್ಕೆ ಯಾವತ್ತೂ ರಿಕವರಿ ಹಗ್ಗ ಹಾಕಬಾರದು. ಅದು ಮುರಿದರೆ ಹಿಗ್ಗಿದ ಹಗ್ಗ ಆ ಕಬ್ಬಿಣದ ಗುಂಡನ್ನು ಕವಣೆಯ ಕಲ್ಲಿನ ಹಾಗೆ ಎಸೆಯುತ್ತದೆ. ಗಾಜು ತೂರಿ ಒಳಗಿದ್ದವರಿಗೆ ಬಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ.

ಸರಿಯಾದ ಪಾಯಿಂಟ್ ಇಲ್ಲದಿದ್ದರೆ ನಿಮ್ಮ ಮಾದರಿಗೆಂದೇ ಮಾಡಿದ್ದನ್ನು ಹಾಕಿಸಿ. ಬೀದಿ ಬದಿಯಲ್ಲಿ ಒಂದು ಕೊಕ್ಕೆ ವೆಲ್ಡಿಂಗ್ ಮಾಡಿಸಿದರಾಯ್ತು ಎನ್ನುವ ಯೋಚನೆ ಬೇಡ. ಆ ವೆಲ್ಡಿಂಗ್ ಎಷ್ಟು ತಡೆಯುತ್ತದೆ ಎಂದು ಯಾರೂ ಹೇಳಲಾರರು. ಪಾಯಿಂಟ್ ಸಿಗುವ ತನಕ ಹಗ್ಗದ ವಿಷಯ ಪಕ್ಕಕ್ಕಿಟ್ಟು ಮುಂದಿನ ಸಾಮಾನುಗಳನ್ನು ಜೋಡಿಸಿಕೊಳ್ಳಿ.

ಹೆಜ್ಜೆ 2: ಗಾಳಿ ಇಳಿಸಲು, ತುಂಬಲು

ಕಿಟ್‌ನ ಮೊದಲ ಸಾಮಾನು ಒಂದು ಒಳ್ಳೆಯ ಪ್ರೆಷರ್ ಗೇಜ್. ಎರಡನೆಯದು ಕಂಪ್ರೆಸರ್. ಟೈರಿನ ಗಾಳಿ ಇಳಿಸಿದಾಗ ಅದು ನೆಲಕ್ಕೆ ಒತ್ತಿಕೊಳ್ಳುವ ಜಾಗ ದೊಡ್ಡದಾಗುತ್ತದೆ. ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಹರಡುತ್ತದೆ. ಗಾಡಿಯ ಭಾರ ಹಂಚಿಹೋಗಿ ಟೈರು ಮರಳಿನೊಳಗೆ ಇಳಿಯದೆ ಮೇಲೆಯೇ ತೇಲುತ್ತದೆ.

ರಸ್ತೆಯಲ್ಲಿ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುತ್ತದೆ ಎಂದುಕೊಳ್ಳಿ. ಕಲ್ಲು, ಕೆಸರಿನ ದಾರಿಗೆ 20ರಿಂದ 25ಕ್ಕೆ ಇಳಿಸಬಹುದು. ಮೆತ್ತನೆಯ ಮರಳಿಗೆ 15ರಿಂದ 18. ಗಾಡಿಯ ತೂಕ, ಟೈರಿನ ಅಳತೆ ನೋಡಿಕೊಂಡು ಇದು ಸ್ವಲ್ಪ ಆಚೀಚೆ ಆಗುತ್ತದೆ. ಹೊಸಬರು 15ಕ್ಕಿಂತ ಕೆಳಗೆ ಇಳಿಯಬೇಡಿ. ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಂಡರೆ ಒಂದು ತೊಂದರೆಯ ಜಾಗದಲ್ಲಿ ಎರಡಾಗುತ್ತದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು, ಸ್ಟೀರಿಂಗ್ ಗಕ್ಕನೆ ತಿರುಗಿಸಬಾರದು. ಮತ್ತೆ ಡಾಂಬರು ರಸ್ತೆಗೆ ಹತ್ತುವ ಮೊದಲು ತುಂಬಿಸಲೇಬೇಕು. ಕಂಪ್ರೆಸರ್ ಇಲ್ಲದಿದ್ದರೆ ಗಾಳಿ ಇಳಿಸುವ ಧೈರ್ಯವೇ ಬರುವುದಿಲ್ಲ, ಅಲ್ವಾ? ಅದಕ್ಕೇ ಅದು ಹಗ್ಗಕ್ಕಿಂತ ಮೊದಲು ಬೇಕು.

ಕಂಪ್ರೆಸರ್ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 150 ಪಿಎಸ್‌ಐ ಎಂದು ಬರೆದಿರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ನಮಗೆ ಬೇಕಿರುವುದು 35. ನೋಡಬೇಕಾದದ್ದು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ, ಬಿಸಿಯಾಗಿ ನಿಲ್ಲದೆ ಎಷ್ಟು ಹೊತ್ತು ಓಡುತ್ತದೆ ಎನ್ನುವುದನ್ನು. ನಾಲ್ಕು ದೊಡ್ಡ ಟೈರು ಒಂದರ ಹಿಂದೊಂದು ತುಂಬಬೇಕು, ನೆನಪಿರಲಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಸಣ್ಣ ಕಾರಿಗೆ ಸರಿ. ಶಕ್ತಿ ಜಾಸ್ತಿ ಇರುವುದು ಹೆಚ್ಚು ಕರೆಂಟ್ ಎಳೆಯುತ್ತದೆ, ಆ ಸಾಕೆಟ್ಟಿನ ಫ್ಯೂಸ್ ಹೋಗುತ್ತದೆ. ಅಂಥದ್ದನ್ನು ಬ್ಯಾಟರಿಗೇ ಕ್ಲಿಪ್ ಹಾಕಿ ಓಡಿಸುವುದು. ಆಗ ಎಂಜಿನ್ ಚಾಲೂ ಇರಲಿ.

ಹೆಜ್ಜೆ 3: ಸಲಿಕೆ

ಹಿಡಿ ಉದ್ದ ಇದ್ದಷ್ಟೂ ಒಳ್ಳೆಯದು. ಮಡಚುವ ಸಲಿಕೆ ಚೀಲದಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಗಾಡಿಯ ಹೊಟ್ಟೆಯ ಕೆಳಗಿನ ಮಣ್ಣಿಗೆ ಅದರ ತುದಿ ಮುಟ್ಟುವುದಿಲ್ಲ. ಗಾಡಿ ನಿಜವಾಗಿ ಸಿಕ್ಕಿಕೊಂಡಿರುವುದು ಅಲ್ಲೇ. ಆಕ್ಸಲ್, ಅದರ ನಡುವಿನ ಗೇರ್ ಗುಂಡು ಅಂದರೆ ಡಿಫರೆನ್ಷಿಯಲ್, ಮಣ್ಣಿನ ಮೇಲೆ ಕೂತರೆ ಚಕ್ರದ ಮೇಲೆ ಭಾರ ಬೀಳುವುದಿಲ್ಲ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಚಕ್ರ ಸುಮ್ನೆ ತಿರುಗುತ್ತದೆ, ಗುಂಡಿ ಇನ್ನೂ ಆಳ ಆಗುತ್ತದೆ.

ಮೊದಲು ಹೊಟ್ಟೆಯ ಕೆಳಗಿನದು ತೆಗೆಯಿರಿ. ಆಮೇಲೆ ಚಕ್ರದ ಮುಂದೆ ಇಳಿಜಾರು ಮಾಡಿ. ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗುವುದಾದರೆ ಚಕ್ರದ ಹಿಂದೆ. ನೀವು ಬಂದ ಜಾಡು ಆಗಲೇ ಒತ್ತಿಕೊಂಡಿರುತ್ತದೆ, ಹಾಗಾಗಿ ಹಿಂದಕ್ಕೆ ಬರುವುದೇ ಹೆಚ್ಚಾಗಿ ಸುಲಭ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ, ಕೈ ಹಾಕಲೇಬೇಡಿ.

ಹೆಜ್ಜೆ 4: ಎರಡು ಟ್ರ್ಯಾಕ್ಷನ್ ಬೋರ್ಡ್

ಚಕ್ರದಡಿ ಇಟ್ಟು ಹಿಡಿತ ಕೊಡುವ ಹಲಗೆ ಇದು, ಒಬ್ಬರೇ ಇದ್ದಾಗಲೂ ಗಾಡಿ ಎತ್ತಿ ಕೊಡುವ ಸಾಮಾನು. ಈ ಉಪಾಯ ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಮಣ್ಣಿನ ಮೇಲೆ ವಿಮಾನ ಇಳಿಸಲು ತೂತು ಕೊರೆದ ಉಕ್ಕಿನ ಹಲಗೆಗಳನ್ನು ಹಾಸುತ್ತಿದ್ದರು. ಅಮೆರಿಕದ ನಾರ್ತ್ ಕ್ಯಾರೊಲಿನಾದ ಮಾರ್ಸ್ಟನ್ ಬಳಿ 1941ರಲ್ಲಿ ಅದನ್ನು ಹಾಸಿ ನೋಡಿದ್ದರಿಂದ ಮಾರ್ಸ್ಟನ್ ಮ್ಯಾಟ್ ಎಂಬ ಹೆಸರು ಬಂತು. ಯುದ್ಧ ಮುಗಿದ ಮೇಲೆ ಮರುಭೂಮಿಯಲ್ಲಿ ಓಡಾಡುವವರು ಅದೇ ಹಲಗೆಗಳನ್ನು ಚಕ್ರದ ಕೆಳಗೆ ಇಡತೊಡಗಿದರು. ಈಗಿನವು ಹಗುರವಾದ ಗಟ್ಟಿ ಪ್ಲಾಸ್ಟಿಕ್, ಮೇಲೆ ಟೈರು ಕಚ್ಚಿಕೊಳ್ಳಲು ಹಲ್ಲುಗಳು.

ಬಳಸುವಾಗ ಒಂದು ಸೂಕ್ಷ್ಮ ಇದೆ. ಬೋರ್ಡಿನ ತುದಿಯನ್ನು ಟೈರಿನ ಬುಡಕ್ಕೆ ಗಟ್ಟಿಯಾಗಿ ತುರುಕಬೇಕು. ಅದಕ್ಕೆ ಮೊದಲು ತೋಡಿರಬೇಕು. ಸುಮ್ನೆ ಮುಂದೆ ಎಸೆದರೆ ಟೈರು ಅದನ್ನು ಹತ್ತುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ಆಮೇಲೆ ಲೋ ರೇಂಜ್ (ಫೋರ್ ವೀಲ್ ಡ್ರೈವ್ ಗಾಡಿಯ ನಿಧಾನದ, ಹೆಚ್ಚು ಬಲದ ಗೇರ್) ಹಾಕಿ, ತುಂಬಾ ಮೆಲ್ಲಗೆ ಹತ್ತಿಸಿ. ಚಕ್ರ ಬೋರ್ಡಿನ ಮೇಲೆ ಜಾರಿ ತಿರುಗಿದರೆ ಆ ಬಿಸಿಗೆ ಹಲ್ಲುಗಳು ಕರಗಿ ನುಣುಪಾಗುತ್ತವೆ. ಆಮೇಲೆ ಆ ಬೋರ್ಡ್ ಇದ್ದೂ ಇಲ್ಲದ ಹಾಗೆ. ಬೋರ್ಡ್ ಹಾರಬಹುದು, ಹಾಗಾಗಿ ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಹೊರಬಂದ ಗಾಡಿಯನ್ನು ಗಟ್ಟಿ ನೆಲ ಸಿಗುವ ತನಕ ನಿಲ್ಲಿಸಬೇಡಿ. ಬೋರ್ಡ್ ತರಲು ನಡೆದುಕೊಂಡೇ ವಾಪಸ್ ಬನ್ನಿ. ಮರಳಿನಲ್ಲಿ ಅವು ಹೂತು ಕಾಣೆಯಾಗುತ್ತವೆ. ಒಂದೊಂದಕ್ಕೂ ಗಾಢ ಬಣ್ಣದ ಉದ್ದ ದಾರ ಕಟ್ಟಿಟ್ಟರೆ ಹುಡುಕಾಟ ತಪ್ಪುತ್ತದೆ.

ಹೆಜ್ಜೆ 5: ಹಗ್ಗ, ಶ್ಯಾಕಲ್

ಈಗ ಹಗ್ಗ. ನೋಡಲು ಒಂದೇ ಥರ ಇರುವ ಮೂರು ಪಟ್ಟಿಗಳಿವೆ, ಕೆಲಸ ಬೇರೆ ಬೇರೆ. ಹಿಗ್ಗದ ಟೋ ಪಟ್ಟಿ ನಿಧಾನವಾಗಿ ಎಳೆದೊಯ್ಯಲು. ಮರಕ್ಕೆ ಸುತ್ತುವ ಅಗಲ ಪಟ್ಟಿ ವಿಂಚ್ ಕೆಲಸಕ್ಕೆ. ಹೂತ ಗಾಡಿಯನ್ನು ಇನ್ನೊಂದು ಗಾಡಿ ಎಳೆದು ಎತ್ತಲು ಬೇಕಿರುವುದು ನೈಲಾನಿನ ಸ್ನ್ಯಾಚ್ ಸ್ಟ್ರ್ಯಾಪ್ ಅಥವಾ ಕೈನೆಟಿಕ್ ಹಗ್ಗ. ಸ್ಟ್ರ್ಯಾಪ್ ಸುಮಾರು ಶೇ 20ರಷ್ಟು ಹಿಗ್ಗುತ್ತದೆ, ಕೈನೆಟಿಕ್ ಹಗ್ಗ ಶೇ 30ರ ತನಕ. ಹಿಗ್ಗಿದಾಗ ತುಂಬಿಕೊಂಡ ಶಕ್ತಿಯೇ ಗಾಡಿಯನ್ನು ಮೆತ್ತಗೆ ಕಿತ್ತು ತರುತ್ತದೆ. ಹಿಗ್ಗದ ಪಟ್ಟಿಯಲ್ಲಿ ಜರ್ಕ್ ಕೊಟ್ಟರೆ ಆ ಏಟೆಲ್ಲಾ ಷಾಸಿಗೆ ಬೀಳುತ್ತದೆ.

ಎಷ್ಟು ಗಟ್ಟಿಯದು ಬೇಕು? ಸ್ಟ್ರ್ಯಾಪಿನ ಮೇಲೆ ಬರೆದಿರುವ ಕನಿಷ್ಠ ತುಂಡಾಗುವ ಬಲ ಗಾಡಿಯ ಒಟ್ಟು ತೂಕದ 2ರಿಂದ 3 ಪಟ್ಟು ಇರಬೇಕು. ಜನ, ಸಾಮಾನು, ಇಂಧನ ಸೇರಿ ನಿಮ್ಮ ಗಾಡಿ 2,500 ಕೆ.ಜಿ. ಎಂದುಕೊಳ್ಳಿ. 5,000ದಿಂದ 7,500 ಕೆ.ಜಿ. ಸಾಕು. ಎರಡು ಗಾಡಿಗಳಲ್ಲಿ ಹಗುರವಾದದ್ದರ ತೂಕ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಟ್ಟಿ ಇದ್ದಷ್ಟೂ ಒಳ್ಳೆಯದು ಎನ್ನುವುದು ಇಲ್ಲಿ ಸುಳ್ಳು. ಹಗುರ ಗಾಡಿಗೆ ತೀರಾ ದಪ್ಪ ಸ್ಟ್ರ್ಯಾಪ್ ಹಾಕಿದರೆ ಅದು ಹಿಗ್ಗುವುದೇ ಇಲ್ಲ. 9 ಮೀಟರ್ ಉದ್ದದ್ದು ಸಾಮಾನ್ಯವಾಗಿ ಸಿಗುತ್ತದೆ, ಅದೇ ಸರಿ.

ಶ್ಯಾಕಲ್‌ನಲ್ಲಿ ಲೆಕ್ಕ ಬೇರೆ, ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಬಿಲ್ಲಿನಂತೆ ಬಾಗಿದ ಒಳ್ಳೆಯ ಬೋ ಶ್ಯಾಕಲ್‌ನ ಮೈಮೇಲೆ ಡಬ್ಲ್ಯುಎಲ್‌ಎಲ್ (ವರ್ಕಿಂಗ್ ಲೋಡ್ ಲಿಮಿಟ್) 3.25 ಟನ್ ಅಥವಾ 4.75 ಟನ್ ಎಂದು ಉಬ್ಬಿಸಿ ಬರೆದಿರುತ್ತದೆ. ಅದು ತುಂಡಾಗುವ ಬಲ ಅಲ್ಲ, ನಿಶ್ಚಿಂತೆಯಿಂದ ಹೊರಿಸಬಹುದಾದ ಭಾರ. ತುಂಡಾಗುವ ಬಲ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಟ್ರ್ಯಾಪ್ ಮೇಲೆ 8,000 ಕೆ.ಜಿ. ಇದೆ, ಶ್ಯಾಕಲ್ 4.75 ಟನ್ ಮಾತ್ರ ಎಂದು ಗಾಬರಿಯಾಗುವುದು ಬೇಡ, ಎರಡೂ ಒಂದೇ ಅಳತೆಯಲ್ಲ. ಏನೂ ಬರೆದಿಲ್ಲದ ಶ್ಯಾಕಲ್ ಎಷ್ಟೇ ದಪ್ಪಗಿದ್ದರೂ ಕೊಳ್ಳಬೇಡಿ. ಪಿನ್ನನ್ನು ಪೂರ್ತಿ ತಿರುಗಿಸಿ, ಕಾಲು ಸುತ್ತು ವಾಪಸ್ ಬಿಡಿ. ಬಿಗಿಯಾಗಿ ಬಿಟ್ಟರೆ ಎಳೆದ ಮೇಲೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ.

ಪಾಯಿಂಟಿನ ಅಂಚು ನುಣ್ಣಗಿದ್ದರೆ ನಾನು ಸಾಫ್ಟ್ ಶ್ಯಾಕಲ್ ತೆಗೆದುಕೊಳ್ಳಿ ಎನ್ನುತ್ತೇನೆ. ಗಟ್ಟಿ ನೂಲಿನಲ್ಲಿ ಹೆಣೆದ ಕುಣಿಕೆ ಅದು. ಹಗುರ, ಹಾರಿ ಬಂದರೂ ಕಬ್ಬಿಣದಷ್ಟು ಅಪಾಯ ಇಲ್ಲ. ಚೂಪು ಅಂಚಿಗೆ ಮಾತ್ರ ಬೇಡ, ಕತ್ತರಿಸಿಹೋಗುತ್ತದೆ. ಎರಡು ಸ್ಟ್ರ್ಯಾಪ್‌ಗಳನ್ನು ಕಬ್ಬಿಣದ ಶ್ಯಾಕಲ್ ಹಾಕಿ ಜೋಡಿಸುವುದು ಯಾವ ಕಾಲಕ್ಕೂ ಬೇಡ. ಒಂದು ಸ್ಟ್ರ್ಯಾಪ್ ಹರಿದರೆ ಆ ಕಬ್ಬಿಣ ಯಾವ ಕಡೆ ಹಾರುತ್ತದೋ ಹೇಳಲಾಗದು.

ಇದರ ಜೊತೆಗೇ ಒಂದು ಡ್ಯಾಂಪರ್ ಕೊಳ್ಳಿ. ಹಗ್ಗದ ಮಧ್ಯೆ ಹೊದಿಸುವ ಭಾರದ ಹೊದಿಕೆ ಅದು, ಹಗ್ಗ ಹರಿದರೆ ಅದನ್ನು ನೆಲಕ್ಕೆ ಕೆಡವಲು ನೋಡುತ್ತದೆ. ದಪ್ಪ ಚರ್ಮದ ಗ್ಲೌಸ್ ಒಂದು ಜೊತೆ, ತಲೆಗೆ ಕಟ್ಟುವ ಟಾರ್ಚ್, ಪ್ರಥಮ ಚಿಕಿತ್ಸೆ ಡಬ್ಬ, ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಗಾಡಿಯ ಜೊತೆ ಬಂದ ಜಾಕ್ ಮೆತ್ತನೆ ನೆಲದಲ್ಲಿ ತಾನೇ ಹೂತುಹೋಗುತ್ತದೆ. ಅದರ ಕೆಳಗಿಡಲು ಒಂದು ದಪ್ಪ ಪ್ಲೈವುಡ್ ತುಂಡು ಹಾಕಿಕೊಳ್ಳಿ.

ಸದ್ಯಕ್ಕೆ ಬೇಡವಾದದ್ದು

ವಿಂಚ್ ಮತ್ತು ಎತ್ತರದ ಹೈ-ಲಿಫ್ಟ್ ಜಾಕ್. ವಿಂಚ್ ಕಲಿಯಲು ಪ್ರತ್ಯೇಕ ಪಾಠವೇ ಬೇಕು. ಹೈ-ಲಿಫ್ಟ್ ಜಾಕ್‌ನ ಹಿಡಿ ಕೈ ಜಾರಿದರೆ ದವಡೆಗೆ ಬಡಿಯುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಕಂಪ್ರೆಸರ್ ಬರುತ್ತದೆ.

ಹೆಜ್ಜೆ 6: ಚೀಲ ಕಟ್ಟಿ, ಒಮ್ಮೆ ಮಾಡಿ ನೋಡಿ

ಎಲ್ಲವನ್ನೂ ಸೀಟಿನ ಹಿಂದೆ ಸುರಿದುಕೊಂಡು ಹೋಗಬೇಡಿ. ಗಾಡಿ ಕುಲುಕಿದಾಗ ಶ್ಯಾಕಲ್ ಬಂದು ತಲೆಗೆ ಬಡಿದರೆ ಗತಿ ಏನು? ಒಂದು ಗಟ್ಟಿ ಚೀಲಕ್ಕೆ ತುಂಬಿ, ಚೀಲವನ್ನು ಗಾಡಿಗೆ ಬಿಗಿಯಿರಿ. ಮೊದಲು ಬೇಕಾಗುವ ಗೇಜ್, ಗ್ಲೌಸ್ ಮೇಲಿರಲಿ. ಸಲಿಕೆ, ಬೋರ್ಡ್ ಬಾಗಿಲು ತೆರೆದ ತಕ್ಷಣ ಸಿಗಬೇಕು.

ಆಮೇಲೆ ಸಮತಟ್ಟಾದ ನೆಲದಲ್ಲಿ ಎಲ್ಲವನ್ನೂ ಒಮ್ಮೆ ಬಿಚ್ಚಿ, ಜೋಡಿಸಿ. ಗಾಳಿ ಇಳಿಸಿ, ತುಂಬಿಸಿ, ಎಷ್ಟು ನಿಮಿಷ ಬೇಕಾಯ್ತು ನೋಡಿಕೊಳ್ಳಿ. ಶ್ಯಾಕಲ್ ನಿಮ್ಮ ಪಾಯಿಂಟಿನ ತೂತಿನಲ್ಲಿ ತೂರುತ್ತದೆಯೇ ಎಂದು ಮನೆಯಲ್ಲೇ ಗೊತ್ತಾಗಲಿ.

ಹಗ್ಗ ಹಾಕಿ ಎಳೆಯುವುದನ್ನು ಮಾತ್ರ ಗೊತ್ತಿದ್ದವರ ಜೊತೆ ನಿಂತು ಕಲಿಯಿರಿ. ಅವರು ಮಾಡುವುದನ್ನು ಹೀಗೆ ಗಮನಿಸಿ. ಮೊದಲು ಹೂತ ಗಾಡಿಯ ಸುತ್ತ ತೋಡುತ್ತಾರೆ. ಎರಡು ಗಾಡಿಗಳ ನಡುವೆ ಹಗ್ಗವನ್ನು 2-3 ಮೀಟರ್ ಸಡಿಲ ಬಿಡುತ್ತಾರೆ. ಎರಡೂ ಗಾಡಿ ಆದಷ್ಟು ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಚಾಲಕರನ್ನು ಬಿಟ್ಟು ಉಳಿದವರೆಲ್ಲಾ ಹಗ್ಗದ ಉದ್ದದ ಒಂದೂವರೆ ಪಟ್ಟಾದರೂ ದೂರ, ಪಕ್ಕಕ್ಕೆ ಹೋಗುತ್ತಾರೆ. ಬಿಗಿಯಾದ ಹಗ್ಗವನ್ನು ಯಾರೂ ದಾಟುವುದಿಲ್ಲ. ಸನ್ನೆ ಮಾಡುವವರು ಒಬ್ಬರೇ. ಎಳೆಯುವ ಗಾಡಿ ಮೆಲ್ಲಗೆ ಹೊರಡುತ್ತದೆ. ಒಂದೆರಡು ಸಲಕ್ಕೆ ಬರಲಿಲ್ಲ ಎಂದರೆ ವೇಗ ಹೆಚ್ಚಿಸುವುದಿಲ್ಲ, ಮತ್ತೆ ಸಲಿಕೆ ಹಿಡಿಯುತ್ತಾರೆ. ವೇಗ ಹೆಚ್ಚಿಸಲು ಹೊರಟವರ ಹತ್ತಿರ ನೀವು ಕಲಿಯಬೇಡಿ.

ಬಳಸಿದ ಮೇಲೆ

ಸ್ಟ್ರ್ಯಾಪಿನ ನೂಲಿನ ನಡುವೆ ಸೇರಿದ ಮರಳು ಒಳಗಿನಿಂದಲೇ ಎಳೆಗಳನ್ನು ಕೊಯ್ಯುತ್ತದೆ. ಹಾಗಾಗಿ ಮನೆಗೆ ಬಂದ ಮೇಲೆ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ಬಿಸಿಲು ನೈಲಾನನ್ನು ಸೊರಗಿಸುತ್ತದೆ. ಒದ್ದೆಯಾದ ನೈಲಾನಿಗೂ ಬಲ ಕಡಿಮೆ, ಅದನ್ನು ಹಾಗೇ ಚೀಲಕ್ಕೆ ತುರುಕಬೇಡಿ. ಸುತ್ತಿಡುವ ಮೊದಲು ಇಡೀ ಉದ್ದಕ್ಕೂ ಬೆರಳಾಡಿಸಿ. ಹೊಲಿಗೆ ಬಿಟ್ಟಿದೆಯೇ, ಅಂಚಿನಲ್ಲಿ ಕಚ್ಚು ಬಿದ್ದಿದೆಯೇ, ಎಲ್ಲಾದರೂ ಕರಗಿ ಗಟ್ಟಿಯಾಗಿದೆಯೇ ನೋಡಿ. ಶ್ಯಾಕಲ್‌ನ ಪಿನ್ ಬಾಗಿದ್ದರೆ, ತಿರುಗಲು ಹಟ ಮಾಡಿದರೆ ಅದರ ಆಯುಷ್ಯ ಮುಗಿಯಿತು. ರಿಕವರಿ ಪಾಯಿಂಟಿನ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿದು ನೋಡಿ. ಕೆಟ್ಟ ಸ್ಟ್ರ್ಯಾಪನ್ನು ಕಸಕ್ಕೆ ಹಾಕುವಾಗ ಎರಡು ಮೂರು ತುಂಡು ಮಾಡಿಯೇ ಹಾಕಿ. ಇಡಿಯಾಗಿ ಬಿಸಾಕಿದರೆ ಇನ್ನೂ ಚೆನ್ನಾಗಿದೆಯಲ್ಲ ಎಂದು ಬೇರೆ ಯಾರೋ ಎತ್ತಿಕೊಂಡು ಹೋಗಿ ತಮ್ಮ ಗಾಡಿಗೆ ಕಟ್ಟುತ್ತಾರೆ.