ಔಷಧ ಹೊಡೆಯುವ ಮೊದಲು ಕಣಜ ಬಂದಿದೆಯೇ ನೋಡಿ

ಎಲೆಯಲ್ಲಿ ತೂತು ಕಂಡೊಡನೆ ಔಷಧದ ಡಬ್ಬಿ ಹುಡುಕುವವರೇ ಹೆಚ್ಚು. ಅಷ್ಟು ಹೊತ್ತಿಗೆ ಅದೇ ತೂತಿನ ಸುಳಿವು ಹಿಡಿದು ಪರಾವಲಂಬಿ ಕಣಜ, ಅಂದರೆ ಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಕಣಜ, ಹೊಲಕ್ಕೆ ಬಂದಿರುತ್ತದೆ. ಔಷಧ ಬಿದ್ದರೆ ಹುಳುವಿನ ಜೊತೆಗೆ ಅದೂ ಸಾಯುತ್ತದೆ. ಕಣಜ ಹುಳುವನ್ನು ಪತ್ತೆ ಮಾಡುವ ಬಗೆ ತಿಳಿದಿದ್ದರೆ ಈ ನಷ್ಟ ತಪ್ಪಿಸಬಹುದು.

ಹಂತ 1: ಬೆಳಿಗ್ಗೆ, ಗಾಳಿ ಜೋರಾಗುವ ಮುನ್ನ, ಭೂತಗನ್ನಡಿ ಹಿಡಿದು ಹೊಲಕ್ಕಿಳಿಯಿರಿ.

ಹಂತ 2: ಹೊಸದಾಗಿ ಕಡಿದ ಎಲೆಗಳನ್ನು ಗುರುತಿಸಿ. ಎಡವುವುದು ಇಲ್ಲೇ. ಎಲೆಯನ್ನು ಕತ್ತರಿಯಿಂದ ಕತ್ತರಿಸಿದರೂ ಹಸಿ ವಾಸನೆ ತಕ್ಷಣ ಬರುತ್ತದೆ. ಆದರೆ ಹುಳು ಕಡಿದಾಗ ಅದರ ಬಾಯಿರಸ ಗಾಯಕ್ಕೆ ಸೇರುತ್ತದೆ. ಒಂದು ಬಗೆಯ ಸೈನಿಕ ಹುಳುವಿನ ಬಾಯಿರಸದಲ್ಲಿರುವ ವೊಲಿಸಿಟಿನ್ ಎಂಬ ವಸ್ತುವನ್ನು ವಿಜ್ಞಾನಿಗಳು 1997ರಲ್ಲಿ ಗುರುತಿಸಿದರು. ಅದು ತಾಗಿದ ಮೆಕ್ಕೆಜೋಳದ ಗಿಡ ಕೆಲವೇ ಗಂಟೆಗಳಲ್ಲಿ ಟರ್ಪೀನ್, ಇಂಡೋಲ್‌ ಎಂಬ ರಾಸಾಯನಿಕಗಳು ಬೆರೆತ ಬೇರೆಯೇ ವಾಸನೆ ಬಿಡತೊಡಗುತ್ತದೆ. ಹುಳು ಮುಟ್ಟದ ಎಲೆಗಳೂ ಇದರಲ್ಲಿ ಪಾಲ್ಗೊಳ್ಳುತ್ತವೆ. ಹುಳುವಿನ ಸ್ವಂತ ವಾಸನೆ ದೂರದಿಂದ ಹಿಡಿಯಲಾಗದಷ್ಟು ಕಡಿಮೆ; ಗಿಡದ ವಾಸನೆಯೇ ಕೊಟೇಸಿಯಾದಂಥ ಹೆಣ್ಣು ಕಣಜಗಳಿಗೆ ದಾರಿ. ಎಲೆಯ ಮೇಲಿಳಿದ ಕಣಜ ಕುಡಿಮೀಸೆಯಿಂದ ತಟ್ಟುತ್ತ ನಡೆಯುತ್ತದೆ, ಕಡಿದ ಅಂಚಿನಲ್ಲಿ ನಿಲ್ಲುತ್ತದೆ, ಹಿಕ್ಕೆ ಸಿಕ್ಕರೆ ಅದರ ಸುತ್ತಲೇ ಸುಳಿದಾಡುತ್ತದೆ. ಹುಳು ಸಿಕ್ಕ ಕಡೆಯ ವಾಸನೆಯನ್ನು ಕಲಿತು ಮುಂದೆ ಅದನ್ನೇ ಅರಸುತ್ತದೆ. ಆದ್ದರಿಂದ ಕಡಿದ ಎಲೆಗಳನ್ನೆಲ್ಲ ಕಿತ್ತು ಹೊಲವನ್ನು ಚೊಕ್ಕ ಮಾಡಬೇಡಿ.

ಕಣಜ ಸೆಳೆಯುವ ವಾಸನೆಯ ಉತ್ಪನ್ನಗಳೂ ಮಾರಾಟಕ್ಕಿವೆ. ನಾನಂತೂ ಕೊಳ್ಳಬೇಡಿ ಎನ್ನುತ್ತೇನೆ. ಹುಳುವಿಲ್ಲದ ಗಿಡದಲ್ಲಿ ವಾಸನೆ ಹಬ್ಬಿದರೆ ಕಣಜ ಸುಮ್ಮನೆ ಅಲೆದು ಹೊತ್ತು ಕಳೆಯುತ್ತದೆ. ಅದರ ಬದಲು ಬದುವಿನಲ್ಲಿ ಕೊತ್ತಂಬರಿ, ಸಬ್ಬಸಿಗೆ ಹೂ ಬಿಡಲಿ; ಕಣಜಕ್ಕೆ ಮಕರಂದ ಬೇಕು.

ಹಂತ 3: ಹುಳುವಿನ ಮೈಯನ್ನೂ ಅಕ್ಕಪಕ್ಕವನ್ನೂ ನೋಡಿ. ಮಂಕಾದ ಹುಳುವಿನ ಬಳಿ ಕೆಲವೇ ಮಿ.ಮೀ. ಉದ್ದದ ಬಿಳಿ ಅಥವಾ ಹಳದಿ ನೂಲಿನ ಗೂಡುಗಳಿದ್ದರೆ ಅವು ಕಣಜದವು. ಕೀಟದ ಮೊಟ್ಟೆಯೆಂದು ಹೊಸಕಿ ಹಾಕುವವರನ್ನು ಎಷ್ಟೋ ಸಲ ತಡೆದಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದರೆ ನೂಲಿನ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ತುದಿಯಲ್ಲಿ ಮುಚ್ಚಳ ತೆರೆದಂತಿದ್ದರೆ ಕಣಜ ಆಗಲೇ ಹೊರಬಿದ್ದಿದೆ.

ಹಂತ 4: ಟ್ರೈಕೋಗ್ರಾಮಾ ಕಣಜ ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ಕಾರ್ಡ್ ಕಟ್ಟುವುದಿದ್ದರೆ ಹೊತ್ತು ಮೀರಬಾರದು. ಈ ಪುಟ್ಟ ಕಣಜ ದಾಳಿ ಮಾಡುವುದು ಮೊಟ್ಟೆಯ ಮೇಲೆ, ಹುಳುವಿನ ಮೇಲಲ್ಲ. ಪತಂಗದ ರೆಕ್ಕೆಯಿಂದ ಉದುರಿದ ಹುರುಪೆಯ ವಾಸನೆ ಅದಕ್ಕೆ ಮೊಟ್ಟೆಯಿರುವ ಜಾಗ ತಿಳಿಸುತ್ತದೆ. ಹುಳು ಕಾಣಿಸಿಕೊಂಡ ಮೇಲೆ ಕಟ್ಟಿ, ಫಲ ಸಿಗಲಿಲ್ಲವೆಂದು ಕಾರ್ಡನ್ನು ದೂರುವವರಿದ್ದಾರೆ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಗೆ ಪತಂಗ ಬೀಳತೊಡಗಿದಾಗಲೇ, ಎಲೆಯ ಅಡಿಗೆ, ನೆರಳಿನಲ್ಲಿ ಕಟ್ಟಿ.

ಹಂತ 5: ಔಷಧ ಬೇಕೇ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಡಿ. ಹುಳುವಿರುವ ಗಿಡಗಳಿಗೆ ಗುರುತು ಕಟ್ಟಿ, ಎರಡು-ಮೂರು ದಿನ ಬಿಟ್ಟು ಅವನ್ನೇ ನೋಡಿ. ಗೂಡುಗಳು ಹೆಚ್ಚಿದ್ದರೆ ಯಂತ್ರ ಮೂಲೆಯಲ್ಲೇ ಇರಲಿ. ಗೂಡುಗಳು ಕಾಣದೆ, ಹೊಸ ಎಲೆಗಳಿಗೂ ಹುಳು ಹಬ್ಬುತ್ತಿದ್ದರೆ ಬಿಟಿ ಎಂಬ ಬ್ಯಾಕ್ಟೀರಿಯಾದ ಜೈವಿಕ ಕೀಟನಾಶಕವನ್ನು ಸಂಜೆ, ಹುಳುವಿರುವ ಕಡೆ ಮಾತ್ರ ಸಿಂಪಡಿಸಿ.