ಹಿಪ್ಪುನೇರಳೆ ಹಣ್ಣು ಕೆಡದಂತೆ ಇಡುವುದು ಹೇಗೆ?

ಮಳವಳ್ಳಿ, ತಿ. ನರಸೀಪುರದ ಕಡೆ ರೇಷ್ಮೆ ಬೆಳೆಯುವವರಿಗೆ ಹಿಪ್ಪುನೇರಳೆ ಅಂದರೆ ಸೊಪ್ಪು. ಹುಳುವಿಗೆಂದು ಗಿಡವನ್ನು ಮತ್ತೆ ಮತ್ತೆ ಕತ್ತರಿಸುವುದರಿಂದ ತೋಟದಲ್ಲಿ ಹಣ್ಣು ಕಡಿಮೆ. ಆದರೆ ಬದುವಿನಲ್ಲೋ ಹಿತ್ತಲಲ್ಲೋ ಮರವಾಗಲು ಬಿಟ್ಟ ಒಂದು ಗಿಡ ಸಾಕು, ಬುಟ್ಟಿ ತುಂಬುತ್ತದೆ. ಮಕ್ಕಳು ತಿಂದು ಮಿಕ್ಕಿದ್ದು ಮಣ್ಣುಪಾಲಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ ಕೀಳಿ. ಕಪ್ಪಾದ ಹಣ್ಣು ಮುಟ್ಟಿದರೇ ಕೈಗೆ ಬರುತ್ತದೆ. ಅಗಲವಾದ ಮೊರದಲ್ಲಿ ತೆಳ್ಳಗೆ ಹರಡಿ. ರಾಶಿ ಹಾಕಿದರೆ ಅಡಿಯದು ಅಪ್ಪಚ್ಚಿ. ಸೊಪ್ಪಿನ ತೋಟದ ಹಣ್ಣಾದರೆ ಔಷಧಿ ಹೊಡೆದಿದ್ದಾರಾ ಎಂದು ಕೇಳಿಯೇ ಕೀಳಿ.

ಎರಡು ದಿನದಲ್ಲಿ ತಿನ್ನುವುದಾದರೆ ತೊಳೆಯದೆ ಫ್ರಿಜ್‌ನಲ್ಲಿಡಿ, ತಿನ್ನುವಾಗ ತೊಳೆಯಿರಿ. ಒದ್ದೆ ಹಣ್ಣಿಗೆ ಬೇಗ ಬೂಷ್ಟು ಹಿಡಿಯುತ್ತದೆ.

ತಿಂಗಳುಗಟ್ಟಲೆ ಇಡಬೇಕಾದರೆ ಫ್ರೀಜರ್ ಒಳ್ಳೆಯದು. ತೊಟ್ಟನ್ನು ಕತ್ತರಿಯಿಂದ ತೆಗೆಯಿರಿ, ಎಳೆದರೆ ಹಣ್ಣು ಹರಿಯುತ್ತದೆ. ನೀರಲ್ಲಿ ಒಮ್ಮೆ ಅದ್ದಿ ತೆಗೆದು, ಹಳೆಯ ಪಂಚೆಯ ಮೇಲೆ ಆರಲು ಬಿಡಿ. ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಕಲ್ಲಿನಂತಾದ ಮೇಲೆ ಕವರಿಗೆ ತುಂಬಿ, ಗಾಳಿ ಒತ್ತಿ ತೆಗೆದು ಕಟ್ಟಿ. ಹೀಗೆ ಮಾಡಿದರೆ ಹಣ್ಣು ಬಿಡಿಬಿಡಿಯಾಗಿ ಉಳಿಯುತ್ತದೆ, ಬೇಕಾದಷ್ಟೇ ತೆಗೆಯಬಹುದು. ಕರಗಿದಾಗ ಮೆತ್ತಗಾಗುತ್ತದೆ. ಹಾಗಾಗಿ ಜ್ಯೂಸ್‌ಗೆ, ಮೊಸರಿಗೆ ಬಳಸಿ.

ನನಗೆ ಜಾಸ್ತಿ ಇಷ್ಟ ಜಾಮ್. 1 ಕೆ.ಜಿ. ಹಣ್ಣಿಗೆ 750 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣಿನ ರಸ. ಚೆನ್ನಾಗಿ ಮಾಗಿದ ಹಣ್ಣಲ್ಲಿ ಹುಳಿ ಕಡಿಮೆ, ನಿಂಬೆ ಹಾಕದಿದ್ದರೆ ಜಾಮ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಇನ್ನೂ ಕೆಂಪಗಿರುವ ಒಂದು ಹಿಡಿ ಹಣ್ಣನ್ನೂ ಸೇರಿಸಿ, ಅದು ಗಟ್ಟಿಯಾಗಲು ನೆರವಾಗುತ್ತದೆ. ಅಲ್ಯೂಮಿನಿಯಂ ಬೇಡ, ದಪ್ಪ ತಳದ ಸ್ಟೀಲ್ ಪಾತ್ರೆ ಇರಲಿ. ಮೊದಲು ಹಣ್ಣನ್ನು ಮಸೆದು ಸಣ್ಣ ಉರಿಯಲ್ಲಿ ಬೇಯಿಸಿ. ಆಮೇಲೆ ಸಕ್ಕರೆ, ನಿಂಬೆರಸ ಹಾಕಿ ಕೈಬಿಡದೆ ತಿರುವಿ. ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ತೊಟ್ಟು ಹಾಕಿ. ತಣ್ಣಗಾದ ಮೇಲೆ ಬೆರಳಿಂದ ತಳ್ಳಿದಾಗ ಸುಕ್ಕುಗಟ್ಟಿದರೆ ಇಳಿಸಿ.

ಗಾಜಿನ ಬಾಟಲಿಯನ್ನು 10 ನಿಮಿಷ ಕುದಿಸಿ, ಒಣಗಿಸಿ, ಬಿಸಿ ಇರುವಾಗಲೇ ಜಾಮ್ ತುಂಬಿ. ಆರಿದ ಮೇಲೆ ಫ್ರಿಜ್‌ನಲ್ಲಿಡಿ. ತೆಗೆಯುವಾಗ ಒಣ ಚಮಚವನ್ನೇ ಬಳಸಿ. ರಾಗಿ ರೊಟ್ಟಿಯ ಜೊತೆ ಒಮ್ಮೆ ತಿಂದು ನೋಡಿ.